ಮೊದಲ ಹಾರ

ಪಾಲಾಕ್ಷಯ್ಯನ ಅಂಗಳದಲ್ಲಿ ಒಂದು ಹಳೆಯ ಜೀಪು ಇತ್ತು. ಊರೂರು ಸುತ್ತುವಾಗ ಜೀಪಿನ ಹಿಂದೆ ಕಟ್ಟಿಕೊಳ್ಳಲೆಂದು ಆತ ಗುಜರಿಯಿಂದ ಒಂದು ಅಲ್ಯೂಮಿನಿಯಂ ಗಾಲಿಮನೆ ತಂದ. ವರ್ಷವಿಡೀ ಮರದ ಸುತ್ತಿಗೆಯಿಂದ ಅದರ ನಗ್ಗುಗಳನ್ನು ತಟ್ಟಿ ತೆಗೆದು, ಮೈಯನ್ನು ಉಜ್ಜಿ ಉಜ್ಜಿ ಬೆಳ್ಳಿಯಂತೆ ಹೊಳೆಯಿಸಿದ. ಆಯುಧಪೂಜೆಯ ಬೆಳಿಗ್ಗೆ ಚೆಂಡುಹೂವಿನ ಮೊದಲ ಹಾರವನ್ನೂ ಅದಕ್ಕೇ ಹಾಕಿದ.

ಜೀಪಿಗೆ ಹೊಟ್ಟೆ ಉರಿಯಿತು. “ಇಂಜಿನ್ನೇ ಇಲ್ಲದ ನಿನಗೆ ಮೊದಲ ಹಾರವೇ? ನಿನ್ನನ್ನು ಗುಜರಿಯಿಂದ ಎಳೆದು ತಂದವನು ನಾನು. ನನ್ನ ಹಸಿರು ಬಣ್ಣವೆಲ್ಲ ಉದುರಿದರೂ ಕೇಳುವವರಿಲ್ಲ.”

“ನನ್ನ ರಿಪೇರಿ ಕೆಲಸ ಮುಗಿಯಿತು, ಅಣ್ಣಾ,” ಎಂದಿತು ಗಾಲಿಮನೆ. “ನಾಳೆಯಿಂದ ನಿನ್ನ ಸರದಿ. ನಿನಗೆಂದು ತಂದದ್ದನ್ನು ಯಜಮಾನರು ನನ್ನೊಳಗೇ ಇಟ್ಟಿದ್ದಾರೆ.”

“ಹಾರ ನಿನಗೆ, ಸಮಾಧಾನದ ಮಾತು ನನಗೆ!” ಎಂದು ಜೀಪು ಗುರುಗುಟ್ಟಿತು.

ಪಾಲಾಕ್ಷಯ್ಯ ಜೀಪಿನ ಚಕ್ರದಡಿ ನಿಂಬೆಹಣ್ಣಿಟ್ಟು, ಅದು ಅಪ್ಪಚ್ಚಿಯಾಗುವಷ್ಟು ಮುಂದೆ ಬಿಡಲು ಹತ್ತಿ ಕುಳಿತ. ಜೀಪು ಬ್ರೇಕಿಗೂ ನಿಲ್ಲದೆ ನುಗ್ಗಿ, ಎದುರಿಗಿದ್ದ ಗಾಲಿಮನೆಯ ಪಕ್ಕೆಗೆ ಗುದ್ದಿತು. ಒಳಗೆ ಡಬ್ಬಗಳು ಉರುಳಿದ ಸದ್ದಾಯಿತು. ಬಾಗಿಲಡಿಯಿಂದ ಹೊಸ ಹಸಿರು ಬಣ್ಣ ಹರಿದು ಬಂದು, ಜೀಪಿನ ಚಕ್ರದ ಬುಡದಲ್ಲಿ ಮಡುಗಟ್ಟಿತು.

“ಅಯ್ಯೋ, ನಾಳೆ ನಿನಗೇ ಹಚ್ಚೋಣ ಅಂತಿದ್ದೆನಲ್ಲೋ!” ಎಂದ ಪಾಲಾಕ್ಷಯ್ಯ. ಜೀಪು ಮತ್ತೆ ಉರುಳದಂತೆ ಚಕ್ರಕ್ಕೆ ಅಡ್ಡ ಕಲ್ಲು ಕೊಟ್ಟ. ಎತ್ತಿಟ್ಟಿದ್ದ ಮರದ ಸುತ್ತಿಗೆಯನ್ನು ತಂದು, ಮತ್ತೆ ಗಾಲಿಮನೆಯ ಪಕ್ಕದಲ್ಲೇ ಕುಳಿತ.