ಐಗಳ ಮಣೆಯ ಮೇಲೆ ನಾಯಕ

"ಈ ಸೀಮೆಯಲ್ಲಿ ನನ್ನ ಮಾತು ಕೇಳಿ ಉದ್ಧಾರವಾಗದವರು ಇನ್ನು ಯಾರಿದ್ದಾರೆ?" ಎಂದು ನೆಲ್ಲಿದುರ್ಗದ ಕೆಂಚಪ್ಪನಾಯಕ ಮೀಸೆ ತಿರುವುತ್ತಾ ಕೇಳಿದ.

ಇದ್ದವರೆಲ್ಲ ಉದ್ಧಾರವಾಗಿ ಸುಸ್ತಾಗಿದ್ದರು. ಮದುವೆ ಮನೆ ಬಿಡಿ, ಸಾವಿನ ಮನೆಯಲ್ಲೂ ಅವನು ತನ್ನ ಪ್ರತಾಪದ ಬಗ್ಗೆ ಭಾಷಣ ಬಿಗಿಯುತ್ತಿದ್ದ. ಅವನ ಪಲ್ಲಕ್ಕಿ ಕಂಡರೆ ಜನ ಹಿತ್ತಿಲ ಬಾಗಿಲಿನಿಂದ ಜಾಗ ಖಾಲಿ ಮಾಡುತ್ತಿದ್ದರು.

ಮಂತ್ರಿಗಳು ತಲೆ ಕೆರೆದುಕೊಂಡರು. "ಮಠದ ಮಕ್ಕಳು ಉಳಿದಿದ್ದಾರೆ, ಮಹಾಸ್ವಾಮಿ."

ಮಠವೆಂದರೆ ಆ ಕಾಲದ ಶಾಲೆ. ಪಾಠ ಹೇಳುವವರು ಐಗಳು. ನಡುವೆ ಎದ್ದು ಹೋಗುವ ಸ್ವಾತಂತ್ರ್ಯ ಮಕ್ಕಳಿಗೆ ಇರಲಿಲ್ಲ. ನಾಯಕನಿಗೆ ಈ ಏರ್ಪಾಡು ಬಹಳ ಹಿಡಿಸಿತು.

ನಾಯಕ ಮಠದಲ್ಲಿ ಭಾಷಣ ಮಾಡುವ ಸುದ್ದಿ ಹಬ್ಬಿದ್ದೇ ತಡ, ಮಕ್ಕಳನ್ನು ಹೆತ್ತವರು ಚಾವಡಿಯಲ್ಲಿ ಸೇರಿ ಜಗಳಕ್ಕೆ ನಿಂತರು.

"ನಾಯಕರ ಕಣ್ಣಿಗೆ ಬಿದ್ದ ಹುಡುಗ ನಾಳೆ ಅರಮನೆಯಲ್ಲಿ ಕೂರ್ತಾನೆ. ನನ್ನ ಮಗನಿಗೆ ಜರಿ ಪೇಟ ಹೊಲಿಸ್ತಿದ್ದೀನಿ" ಎಂದ ಜವಳಿ ಅಂಗಡಿಯ ಪುಟ್ಟಶೆಟ್ಟಿ.

"ಬರಲಿ ಬಿಡ್ರಿ, ಬೆಲ್ಲನಾದ್ರೂ ಹಂಚ್ತಾರೆ" ಎಂದರು ಕೆಲವರು. ಅವರ ರಾಜಕೀಯವೆಲ್ಲ ಆ ಬೆಲ್ಲದಷ್ಟೇ ಇತ್ತು.

ಎಣ್ಣೆ ಗಾಣದ ಸಂಕಮ್ಮ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. "ನನ್ನ ಮಗ ಹೋಗೋದು ಕಾಗುಣಿತ ಕಲಿಯೋಕೆ. ಬಡಾಯಿ ಕೇಳೋಕೆ ದೊಡ್ಡೋರು ನಾವು ಇದ್ದೀವಲ್ಲ, ಮಕ್ಕಳನ್ನ ಯಾಕೆ ಹಿಡೀಬೇಕು? ಭಾಷಣ ಬೇಡ."

ಹೇಳಿದ್ದು ಚಾವಡಿಯಲ್ಲಿ, ಮುಟ್ಟಿದ್ದು ಅರಮನೆಗೆ. ಅಂಥ ಕೆಲಸಕ್ಕೆ ಪುಟ್ಟಶೆಟ್ಟಿಯಂಥವರು ಎಲ್ಲ ಊರಲ್ಲೂ ಇರುತ್ತಾರೆ.

ನಾಯಕ ಕೆಂಡವಾದ. "ಭಾಷಣ ಬೇಡ ಅಂತ ಯಾರ ಬಾಯಿಂದ ಬರುತ್ತೋ, ಅವರು ಊರು ಬಿಡಬೇಕು! ಮೊದಲು ಆ ಗಾಣದವಳು!"

ಅಪ್ಪಣೆ ಸಂಕಮ್ಮನ ಕಿವಿಗೆ ಬಿತ್ತು. ಅವಳ ಅನ್ನವೇ ಆ ಕಲ್ಲಿನ ಗಾಣ. ನೆಲದಲ್ಲಿ ಹೂತ ಗಾಣವನ್ನು ಕಿತ್ತುಕೊಂಡು ಯಾವ ಊರಿಗೆ ಹೋಗುವುದು? ಅವಳು ನೇರ ಬೊಪ್ಪಣ್ಣನ ಮನೆಗೆ ಓಡಿದಳು. ಬೊಪ್ಪಣ್ಣ ನಾಯಕನ ಆಸ್ಥಾನದಲ್ಲೇ ಇದ್ದವನು. ಆದರೆ ತಲೆಯನ್ನು ಬಗ್ಗಿಸಲು ಮಾತ್ರವಲ್ಲ, ಯೋಚಿಸಲೂ ಬಳಸುತ್ತಿದ್ದ.

"ಅಣ್ಣಾ, ಬಾಯಿ ತಪ್ಪಿ ಹೇಳಿಬಿಟ್ಟೆ."

"ಬಾಯಿ ತಪ್ಪಿಲ್ಲ ಕಣಮ್ಮ, ಸರಿಯಾಗೇ ಹೇಳಿದ್ದೀಯ. ಮನೆಗೆ ಹೋಗಿ ಗಾಣ ಹೂಡು. ನಾಳೆ ಮಗನನ್ನ ಮಠಕ್ಕೆ ಕಳಿಸು."

ಬೊಪ್ಪಣ್ಣ ಅರಮನೆಗೆ ಹೋಗಿ ಕೈಮುಗಿದ. "ಮಹಾಸ್ವಾಮಿ, ಕೇಳೋಕೆ ಮುಂಚೆಯೇ ಓಡಿಸಿದರೆ ಜನ ಆಡಿಕೊಳ್ತಾರೆ. ತಮ್ಮ ಅಪ್ಪಣೆ ನಾಳೆ ಭಾಷಣ ಶುರುವಾದಾಗಿನಿಂದ ನಡೀಲಿ. ಆಮೇಲೆ 'ಬೇಡ' ಅಂದವರು ಯಾರೇ ಆಗಲಿ, ಹೊರಡಲಿ."

"ನನ್ನ ಮಾತು ಕೇಳಿದ ಮೇಲೆ ಬೇಡ ಅನ್ನೋ ಗಂಡು ಹುಟ್ಟಿಲ್ಲ. ಡಂಗುರ ಸಾರಿಸು."

"ಇನ್ನೊಂದು ಬಿನ್ನಹ. ಐಗಳ ಮಣೆಯ ಮೇಲೇ ಕೂತು ಮಾತಾಡಬೇಕು. ಆ ಮಣೆ ಮೇಲೆ ಕೂತವರ ಒಂದು ಮಾತನ್ನೂ ಮಕ್ಕಳು ಬಿಡೋದಿಲ್ಲ."

ನಾಯಕ ಉಬ್ಬಿಹೋದ.

ಮರುದಿನ ಮಠದ ಅಂಗಳದಲ್ಲಿ ಹೆತ್ತವರೆಲ್ಲ ನೆರೆದರು. ಒಳಗೆ ಮಕ್ಕಳು ಕಾಲು ಮಡಚಿ ಕೂತಿದ್ದರು. ಐಗಳು ಬೆತ್ತ ಹಿಡಿದು ಮೂಲೆಗೆ ಸರಿದಿದ್ದರು. ನಾಯಕ ಮಂತ್ರಿಗಳೊಂದಿಗೆ ಬಂದು ಮಣೆಯ ಮೇಲೆ ವಿರಾಜಮಾನನಾದ.

"ನಾನು ಕೆಂಚಪ್ಪನಾಯಕ!"

"ನಾನು ಕೆಂಚಪ್ಪನಾಯಕ!" ಎಂದು ಮಕ್ಕಳೆಲ್ಲ ಒಟ್ಟಿಗೆ ಕೂಗಿದರು.

ಮಠದಲ್ಲಿ ಪಾಠ ನಡೆಯುತ್ತಿದ್ದುದೇ ಹಾಗೆ. ಮಣೆಯ ಮೇಲೆ ಕೂತವರು ಹೇಳಬೇಕು, ಮಕ್ಕಳು ಅದನ್ನೇ ಗಟ್ಟಿಯಾಗಿ ಹೇಳಬೇಕು. ದನಿ ಇಳಿದರೆ ಬೆತ್ತ. ನಾಯಕನಿಗೆ ಇದು ಗೊತ್ತಿರಲಿಲ್ಲ, ಯಾಕೆಂದರೆ ಚಿಕ್ಕವನಿದ್ದಾಗ ಅವನು ಮಠದ ಕಡೆ ತಲೆ ಹಾಕಿದವನಲ್ಲ.

"ಈ ಸೀಮೆಗೆಲ್ಲ ನಾನೇ ಒಡೆಯ!" ಎಂದು ಮುಂದುವರಿಸಿದ.

"ಈ ಸೀಮೆಗೆಲ್ಲ ನಾನೇ ಒಡೆಯ!" ಎಲ್ಲರಿಗಿಂತ ಜೋರಾಗಿ ಕೂಗಿದವನು ಜರಿ ಪೇಟದ ಹುಡುಗ. ಅಂಗಳದಲ್ಲಿ ಪುಟ್ಟಶೆಟ್ಟಿ ಕಂಬ ಹಿಡಿದುಕೊಂಡ.

"ಬರಿಗೈಲಿ ಹುಲಿ ಕೊಂದವನು ನಾನು!"

ಹಲ್ಲು ಬಿದ್ದ ಪುಟಾಣಿಗಳೂ ಬರಿಗೈಲಿ ಹುಲಿ ಕೊಂದರು. ಅಂಗಳದಲ್ಲಿ ಯಾರೋ ಕಿಸಕ್ಕೆಂದರು.

"ಏಯ್, ಬಾಯಿ ಮುಚ್ಚಿ!"

"ಏಯ್, ಬಾಯಿ ಮುಚ್ಚಿ!"

"ಯಾರ ಮುಂದೆ ಕೂತಿದ್ದೀರಿ ಗೊತ್ತಾ, ಕತ್ತೆಗಳಾ?"

"ಯಾರ ಮುಂದೆ ಕೂತಿದ್ದೀರಿ ಗೊತ್ತಾ, ಕತ್ತೆಗಳಾ?"

ಐಗಳು ಗಾಬರಿಯಿಂದ ಬೆತ್ತ ಎತ್ತಿದರು. ದನಿ ಸಾಲದೇನೋ ಎಂದುಕೊಂಡು ಮಕ್ಕಳು ಇನ್ನೂ ಜೋರು ಮಾಡಿದರು. ನಾಯಕ ಕಿವಿ ಮುಚ್ಚಿಕೊಂಡು ಕಿರುಚಿದ. "ಸಾಕು! ಭಾಷಣ ಬೇಡ!"

"ಸಾಕು! ಭಾಷಣ ಬೇಡ!"

ಅವನು ಮಣೆ ಬಿಟ್ಟು ಎದ್ದ ಕ್ಷಣವೇ ಮಕ್ಕಳು ಗಪ್‌ಚಿಪ್.

ಬೊಪ್ಪಣ್ಣ ಮುಂದೆ ಬಂದ. "ಮಹಾಸ್ವಾಮಿ, ಡಂಗುರದ ಪ್ರಕಾರ 'ಬೇಡ' ಅಂದವರು ಹೊರಡಬೇಕು. ಮಕ್ಕಳು ಹೇಳಿಕೊಟ್ಟದ್ದನ್ನು ಹೇಳಿದರು. ಮೊದಲು ಅಂದವರಿಗೆ ಗಾಡಿ ಕಟ್ಟಿಸಲೇ?"

ನಾಯಕನ ಮೀಸೆ ಇಳಿಯಿತು.

"ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ! ಅಪ್ಪಣೆ ರದ್ದು!" ಎಂದು ಅವನು ಹಲ್ಲು ಕಡಿದ. ಅಂಗಳದಲ್ಲಿ ಸಂಕಮ್ಮ ಗೋಡೆಗೆ ಒರಗಿ ಅತ್ತೇಬಿಟ್ಟಳು.

"ಆದರೆ ಈ ಪಿಳ್ಳೆಗಳು ನನ್ನನ್ನು ಅಣಕಿಸಿದ್ದಕ್ಕೆ ಶಿಕ್ಷೆ ಬೇಡವೇನೋ, ಬೊಪ್ಪಣ್ಣ?"

"ಅಣಕಿಸಲಿಲ್ಲ, ಮಹಾಸ್ವಾಮಿ. ಅರಮನೆಯಲ್ಲಿ ನಾವು ದಿನಾ ಮಾಡೋದನ್ನೇ ಮಾಡಿದರು. ತಾವು ಅಂದದ್ದನ್ನೇ ನಾವೂ ಅಂತೀವಿ. ಅಲ್ಲಿ ತಮಗೆ ಕೋಪ ಬರೋದಿಲ್ಲ, ಉಂಬಳಿ ಕೊಡ್ತೀರಿ."

ನಾಯಕ ಸರ್ರನೆ ಮಂತ್ರಿಗಳತ್ತ ತಿರುಗಿದ. "ಸುಳ್ಳು! ಇದು ಶುದ್ಧ ಸುಳ್ಳು!"

"ಸುಳ್ಳು! ಇದು ಶುದ್ಧ ಸುಳ್ಳು!" ಎಂದರು ಮಂತ್ರಿಗಳು.

ಮಕ್ಕಳ ದನಿಯಾದರೂ ಅಲ್ಲಲ್ಲಿ ತಪ್ಪುತ್ತಿತ್ತು. ಇವರದು ಒಂಚೂರೂ ತಪ್ಪಲಿಲ್ಲ.