ಕೆಂಪು ಬಾವುಟದ ಕೆಳಗೆ

“ಮತ್ತೆ ಬಂತು ನೋಡಿ ಸವಾರಿ! ಒಂದು ಮಾತನ್ನು ನೆಟ್ಟಗೆ ಮುಗಿಸಲು ಬಿಡುವವರು ಯಾರೂ ಇಲ್ಲ ನನಗೆ. ಮನೆಯಲ್ಲಿ ಅತ್ತೆ ನಡುವೆ ಬಾಯಿ ಹಾಕುತ್ತಾರೆ, ಸಭೆಯಲ್ಲಿ ಅಧ್ಯಕ್ಷರು ಬಾಯಿ ಹಾಕುತ್ತಾರೆ, ಇಲ್ಲಿ ಗುರುಗಳ ಮುಂದೆ ಕೂತರೆ ನೀನು. ಏನೇ ಅದು?”

ಐದು ವರ್ಷದ ಸಾನಿಕಾ ಅಮ್ಮ ಮಾಲಿನಿಯ ಸೆರಗು ಬಿಡಲಿಲ್ಲ. “ನೀರಿಗೆ ಹೋಗಲಾ?”

“ಬೇಡ. ಆ ಗಾಳಿಮರದ ಕೆಳಗೆ ಆಡಿಕೋ.”

“ನಮ್ಮ ಕೋಣೆಯ ಅಂಕಲ್, ಆಂಟಿ ಎಲ್ಲ ಹೋಗಿದ್ದಾರೆ.”

“ಅವರು ಹೋಗಲಿ. ನೀನು ಬೇಡ ಅಂದರೆ ಬೇಡ.”

ಮಗು ಮುಖ ಊದಿಸಿಕೊಂಡು ಹೋಯಿತು. ಮಾಲಿನಿ ಸೆರಗು ಸರಿಮಾಡಿಕೊಂಡು ಗುರುವಿನ ಕಡೆ ತಿರುಗಿದಳು. ಗುಡ್ಡದ ಮೇಲಿನ ಚಿಕ್ಕ ಮಠದ ಜಗಲಿಯಲ್ಲಿ ಗುರು ಕಾಲು ಮಡಚಿ ಕೂತಿದ್ದರು. ಅಲ್ಲಿಂದ ಇಡೀ ದಂಡೆ ಕಾಣುತ್ತಿತ್ತು.

“ನಾನು ಕೇಳಲು ಬಂದದ್ದು ಇಷ್ಟೇ ಗುರುಗಳೇ. ನಮ್ಮ ಹೊಟ್ಟೆ ತುಂಬಿಸುವ ಕಸುಬಿನ ಪರವಾಗಿ ಮಾತನಾಡುವುದು ತಪ್ಪೇ?”

“ಯಾರು ತಪ್ಪೆಂದರು?”

“ಯಾರೂ ಅನ್ನಲಿಲ್ಲ. ಅದಕ್ಕೇ ನಿದ್ದೆ ಬರುತ್ತಿಲ್ಲ.”

ಮಾಲಿನಿ ತನ್ನ ಮನೆಯ ಹಿಂದೆ ಕೋಣೆಗಳನ್ನು ಕಟ್ಟಿಸಿ ಪ್ರವಾಸಿಗರಿಗೆ ಕೊಡುತ್ತಿದ್ದಳು. ಊರಿನ ಪ್ರವಾಸೋದ್ಯಮ ಮಂಡಳಿಯಲ್ಲಿ ಅವಳೂ ಒಬ್ಬ ಸದಸ್ಯೆ. ಲಾಡ್ಜಿನವರು, ಹೋಟೆಲಿನವರು, ಕೋಣೆ ಕೊಡುವವರು ತಮ್ಮ ಗಳಿಕೆಯಲ್ಲಿ ಒಂದು ಪಾಲನ್ನು ಮಂಡಳಿಗೆ ಕೊಡುತ್ತಿದ್ದರು. ದಂಡೆ ಗುಡಿಸುವವರಿಗೆ, ದೀಪಗಳಿಗೆ, ಬಟ್ಟೆ ಬದಲಿಸುವ ಕೋಣೆಗಳಿಗೆ, ಲೈಫ್‌ಗಾರ್ಡುಗಳಿಗೆ ಖರ್ಚಾಗುತ್ತಿದ್ದುದು ಆ ಪಾಲೇ. ಪೇಟೆಗೆ ಹೋಗಿ ‘ನಮ್ಮ ಊರಿಗೆ ಬನ್ನಿ’ ಎಂದು ಕರೆಯುವುದೂ, ಅಧಿಕಾರಿಗಳ ಮುಂದೆ ಕಸುಬಿನ ಪರ ವಾದಿಸುವುದೂ ಅದೇ ಮಂಡಳಿ. ಕಡಲು ಹೇಗಿದೆ ಎಂದು ಜನರಿಗೆ ತಿಳಿಸಲು ದಂಡೆಯಲ್ಲಿ ಇಂದು ಯಾವ ಬಣ್ಣದ ಬಾವುಟ ಹಾರಬೇಕು ಎಂದು ಹೇಳುವುದೂ ಅದೇ.

ಈಗ ಲೈಫ್‌ಗಾರ್ಡುಗಳು ತಿರುಗಿ ಬಿದ್ದಿದ್ದರು. ಬಾವುಟದ ಬಣ್ಣ ನಾವು ನಿರ್ಧರಿಸುತ್ತೇವೆ, ಕೆಂಪು ಹಾರಿಸಿದ ದಿನ ದಂಡೆಯ ದಾರಿಗೆ ಹಗ್ಗ ಕಟ್ಟುತ್ತೇವೆ, ಮಂಡಳಿ ನಡುವೆ ಬರಕೂಡದು ಎಂದಿದ್ದರು. ನಾಳೆ ಸಭೆ. ಸದಸ್ಯರಲ್ಲಿ ಅರ್ಧ ಜನ ಹೌದೆನ್ನುತ್ತಿದ್ದರು, ಅರ್ಧ ಜನ ಕೂಡದೆನ್ನುತ್ತಿದ್ದರು. ಮಾಲಿನಿಯ ಕೈ ಯಾವ ಕಡೆ ಏಳುತ್ತದೋ ಆ ಕಡೆ ತೀರ್ಮಾನ.

“ದಾರಿಗೆ ಹಗ್ಗ ಕಟ್ಟಿದರೆ ಜನ ಬರುವುದಿಲ್ಲ,” ಎಂದಳು ಮಾಲಿನಿ. “ಜನ ಬರದಿದ್ದರೆ ನಮ್ಮಿಂದ ಮಂಡಳಿಗೆ ಪಾಲು ಹೋಗುವುದಿಲ್ಲ. ಆಗ ಇದೇ ಲೈಫ್‌ಗಾರ್ಡುಗಳಿಗೆ ಸಂಬಳ ಕೊಡುವವರು ಯಾರು? ಕಡಲೇ ಕೊಡುತ್ತದೆಯೇ? ನಾನು ಕೂಡದು ಅಂದರೆ ಅದು ಅವರ ಒಳ್ಳೆಯದಕ್ಕೂ ಹೌದಲ್ಲವೇ?”

ಗುರು ಒಂದು ಕತೆ ಹೇಳತೊಡಗಿದರು.

ಕಡಲ ಪಕ್ಕದಲ್ಲಿ ಒಂದು ಊರಿತ್ತು. ಆ ಊರಿನ ಮರಳು ಚೆಂದವಿತ್ತು. ಅದನ್ನು ನೋಡಲು ದೂರದ ಜನ ಬರತೊಡಗಿದರು. ಬಂದವರು ಉಳಿಯಲು ಊರವರು ಛತ್ರಗಳನ್ನು ಕಟ್ಟಿದರು. ಬಂದವರಲ್ಲಿ ಕೆಲವರು ನೀರುಪಾಲಾದರು.

ಆಗ ಛತ್ರದವರೆಲ್ಲ ಸೇರಿ ಒಂದು ಸಂಘ ಕಟ್ಟಿದರು. ಪ್ರತಿಯೊಬ್ಬರೂ ತಮ್ಮ ಗಳಿಕೆಯ ಒಂದು ಪಾಲನ್ನು ಅದಕ್ಕೆ ಕೊಟ್ಟರು. ಸಂಘ ದಂಡೆಯನ್ನು ಗುಡಿಸಿತು, ದೀಪ ಹಚ್ಚಿತು. ಈಜು ಬಲ್ಲ ಒಬ್ಬನನ್ನು ಕಾವಲಿಗೆ ಇಟ್ಟಿತು. ಕಡಲು ಕೆಟ್ಟ ದಿನ ಅವನು ಒಂದು ಕಂಬಕ್ಕೆ ಕೆಂಪು ಬಾವುಟ ಏರಿಸುತ್ತಿದ್ದ. ಜನ ಅದನ್ನು ನೋಡಿ ಮರಳಿನಲ್ಲೇ ಕೂರುತ್ತಿದ್ದರು. ಸಂಘ ಒಳ್ಳೆಯದನ್ನೇ ಮಾಡಿತು. ಅದರಿಂದ ಉಳಿದ ಜೀವಗಳಿದ್ದವು.

ಸಂಘ ಒಬ್ಬ ಮಾತುಗಾರನನ್ನೂ ಇಟ್ಟುಕೊಂಡಿತು. ಅವನು ಊರೂರಿಗೆ ಹೋಗಿ ತಮ್ಮ ಕಡಲನ್ನು ಹೊಗಳುತ್ತಿದ್ದ. ಒಮ್ಮೆ ರಾಜನ ಕಡೆಯವರು ಮಳೆ ಮುಗಿಯುವವರೆಗೆ ದಂಡೆಯನ್ನು ಮುಚ್ಚಿ ಎಂದರು. ಮಾತುಗಾರ ಅರಮನೆಗೆ ಹೋಗಿ, ದಂಡೆ ಮುಚ್ಚಿದರೆ ಊರಿನ ಒಲೆಗಳು ಉರಿಯುವುದಿಲ್ಲ ಎಂದು ವಾದಿಸಿದ. ಆಜ್ಞೆ ರದ್ದಾಯಿತು. ಊರವರು ಅವನಿಗೆ ಹಾರ ಹಾಕಿದರು. ಹಾರ ಹಾಕಿದವರಲ್ಲಿ ಕಾವಲುಗಾರನೂ ಇದ್ದ. ಅವನ ಮನೆಯಲ್ಲೂ ಒಲೆಯಿತ್ತು.

ಒಂದು ವರ್ಷ ಹಬ್ಬದ ರಜೆಯಲ್ಲೇ ಕಡಲು ಕೆಟ್ಟಿತು. ಕೆಂಪು ಬಾವುಟ ಏರಿದ್ದು ಇಳಿಯಲೇ ಇಲ್ಲ. ಛತ್ರದ ಬಾಗಿಲಿಗೆ ಬಂದ ಗಾಡಿಗಳು ಅದನ್ನು ನೋಡಿ ಹಿಂದೆ ತಿರುಗಿದವು. ಛತ್ರದವರೆಲ್ಲ ಸಂಘದಲ್ಲಿ ಸೇರಿದರು.

ಎಲ್ಲರಿಗಿಂತ ದೊಡ್ಡ ಛತ್ರದ ಯಜಮಾನ ಎದ್ದು ನಿಂತ. ಬಾವುಟ ಇಳಿಸಿ ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಲು ನಾನೇನು ಕಟುಕನೇ ಎಂದ. ಆದರೆ ಕೆಂಪು ಒಂದೇ ಹಾರುತ್ತಿದ್ದರೆ ಊರಿಗೆ ಊರೇ ಸೂತಕದಲ್ಲಿ ಇರುವಂತೆ ಕಾಣುತ್ತದೆ. ಅದರ ಜೊತೆಗೆ ಬೇರೆ ಬಣ್ಣಗಳೂ ಇದ್ದರೆ ಯಾರಿಗೇನು ನಷ್ಟ?

ಯಾರಿಗೂ ನಷ್ಟ ಕಾಣಲಿಲ್ಲ. ಎಲ್ಲರಿಗೂ ಸಮಾಧಾನವಾಯಿತು. ಸಂಘದ ಖರ್ಚಿನಲ್ಲಿ ಬಟ್ಟೆ ತಂದರು. ದಂಡೆಯ ಉದ್ದಕ್ಕೂ ಕಂಬಗಳನ್ನು ನೆಟ್ಟರು. ಹಸಿರು, ಹಳದಿ, ನೀಲಿ, ಗುಲಾಬಿ ಬಾವುಟಗಳು ಏರಿದವು. ನಡುನಡುವೆ ಚೆಂದಕ್ಕೆಂದು ಕೆಂಪನ್ನೂ ಕಟ್ಟಿದರು.

ಕಾವಲುಗಾರ ಬಂದು ನೋಡಿದ. ಯಜಮಾನನ ಬಳಿಗೆ ಹೋದ.

“ಒಡೆಯರೇ, ಇದರಲ್ಲಿ ನನ್ನ ಬಾವುಟ ಯಾವುದು?”

“ಅಲ್ಲೇ ಇದೆಯಲ್ಲಪ್ಪ. ನಾವು ಅದನ್ನು ಮುಟ್ಟಿಯೂ ಇಲ್ಲ.”

ನಿಜ. ಯಾರೂ ಅದನ್ನು ಮುಟ್ಟಿರಲಿಲ್ಲ. ಕಾವಲುಗಾರ ಇನ್ನೊಂದು ಮಾತು ಆಡಬೇಕೆಂದುಕೊಂಡ. ಅವನು ತೊಟ್ಟಿದ್ದ ಅಂಗಿ ಸಂಘದ್ದು, ಕೈಯಲ್ಲಿದ್ದ ಪೀಪಿ ಸಂಘದ್ದು, ಹಬ್ಬಕ್ಕೆ ಮನೆಗೆ ಬಂದ ಅಕ್ಕಿ ಸಂಘದ್ದು. ಆಡಬೇಕೆಂದಿದ್ದ ಮಾತನ್ನು ನುಂಗಿಕೊಂಡು ತನ್ನ ಜಾಗಕ್ಕೆ ಹೋಗಿ ನಿಂತ.

ಕತೆ ಇಲ್ಲಿಗೆ ಬಂದಾಗ ಸಾನಿಕಾ ಮತ್ತೆ ಓಡಿಬಂದಳು.

“ಅಮ್ಮಾ, ಬರೀ ಕಾಲು ಒದ್ದೆ ಮಾಡಿಕೊಂಡು ಬರಲಾ?”

“ಬೆರಳೂ ಒದ್ದೆಯಾಗಕೂಡದು. ಆ ಕಡೆ ಹೆಜ್ಜೆ ಇಟ್ಟರೆ ಕಾಲು ಮುರಿದು ಕೈಗೆ ಕೊಡುತ್ತೇನೆ,” ಎಂದಳು ಮಾಲಿನಿ. “ನೀವು ಹೇಳಿ ಗುರುಗಳೇ. ಬೆಳಿಗ್ಗೆಯಿಂದ ಇವಳದ್ದು ಇದೇ ಹಾಡು.”

ಗುರು ಮಗುವನ್ನು ನೋಡಿದರು. ತಾಯಿಯನ್ನು ನೋಡಿದರು. ಮುಂದುವರಿಸಿದರು.

ಬಣ್ಣದ ದಂಡೆಯ ಸುದ್ದಿ ಹಬ್ಬಿತು. ತಿರುಗಿ ಹೋದ ಗಾಡಿಗಳು ಮರಳಿ ಬಂದವು. ಛತ್ರಗಳು ತುಂಬಿದವು. ಕಡಲು ಮಾತ್ರ ಹಾಗೆಯೇ ಇತ್ತು.

ಆ ಜನರಲ್ಲಿ ಒಳನಾಡಿನ ಒಬ್ಬ ನೇಕಾರನಿದ್ದ. ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಬಂದಿದ್ದ. ಮೂವರಲ್ಲಿ ಯಾರೂ ಕಡಲು ಕಂಡವರಲ್ಲ. ನೇಕಾರ ಬಾವುಟಗಳನ್ನು ಒಂದೊಂದಾಗಿ ನೋಡುತ್ತಾ ದಂಡೆಯುದ್ದಕ್ಕೂ ನಡೆದ. ಹಳದಿಗೆ ಬಣ್ಣ ಸರಿಯಾಗಿ ಹಿಡಿದಿಲ್ಲ ಎಂದ. ನೀಲಿ ಒಂದು ಮಳೆಗೆ ಬಿಡುತ್ತದೆ ಎಂದ. ಕಾವಲುಗಾರನ ಕೆಂಪು ಬಾವುಟದ ಕೆಳಗೆ ನಿಂತುಬಿಟ್ಟ. ಬಿಸಿಲಿಗೆ, ಉಪ್ಪುಗಾಳಿಗೆ ಜಗ್ಗದ ಬಣ್ಣ ಇದೊಂದೇ, ಇಲ್ಲೇ ಕೂರೋಣ ಎಂದ. ಬುತ್ತಿ ಬಿಚ್ಚಿದರು. ಉಂಡರು. ಹೆಂಡತಿ ಮಗಳ ಕೈ ಹಿಡಿದುಕೊಂಡು ನೀರಿಗೆ ಇಳಿದಳು. ನೇಕಾರ ಬಟ್ಟೆಗಳನ್ನು ಕಾಯುತ್ತಾ ಕೂತ.

ಕಾವಲುಗಾರ ಪೀಪಿ ಊದಿದ. ದಂಡೆಯಲ್ಲಿ ಜನರ ಸಂತೋಷಕ್ಕೆಂದು ಸಂಘ ವಾದ್ಯ ಬಾರಿಸುತ್ತಿತ್ತು. ಪೀಪಿ ಯಾರಿಗೂ ಕೇಳಿಸಲಿಲ್ಲ. ಅವನು ಓಡಿದ. ಅಲೆಗೆ ಎದುರಾಗಿ ಬಿದ್ದ. ಅವನು ಹೋಗಿ ಮುಟ್ಟುವಷ್ಟರಲ್ಲಿ ಅಲ್ಲಿ ಹಿಡಿಯಲು ಏನೂ ಇರಲಿಲ್ಲ.

ಸಂಜೆ ಕಡಲು ತಾಯಿಯನ್ನು ತಂದು ಹಾಕಿತು. ಮಗಳನ್ನು ಕೊಡಲಿಲ್ಲ.

ಸಂಘ ತನ್ನ ಕರ್ತವ್ಯದಲ್ಲಿ ಹಿಂದೆ ಬೀಳಲಿಲ್ಲ. ಸೌದೆಯ ಖರ್ಚು ಸಂಘ ಕೊಟ್ಟಿತು. ಊರಿಗೆ ಮರಳಲು ಗಾಡಿ ಕೊಟ್ಟಿತು. ಮಾತುಗಾರ ಎಲ್ಲರ ಮುಂದೆ ಅತ್ತ. ಅವನ ಅಳು ಸುಳ್ಳಾಗಿರಲಿಲ್ಲ. ನೇಕಾರ ಗಾಡಿ ಹತ್ತುವ ಮೊದಲು ಛತ್ರದ ಯಜಮಾನನ ಮುಂದೆ ನಿಂತ.

“ಅಣ್ಣಾ, ಇಳಿಯಬೇಡಿ ಎಂದು ಯಾರಾದರೂ ನಮಗೆ ಒಂದು ಮಾತು ಹೇಳಬಾರದಿತ್ತೇ?”

“ಹೇಳಿದ್ದೆವಲ್ಲಪ್ಪ,” ಎಂದ ಯಜಮಾನ ಮೆಲ್ಲಗೆ. “ನೀವು ಕೂತಿದ್ದೇ ಕೆಂಪು ಬಾವುಟದ ಕೆಳಗೆ.”

ನೇಕಾರ ತಲೆಯೆತ್ತಿ ನೋಡಿದ. ಬಾವುಟ ಅಲ್ಲೇ ಹಾರುತ್ತಿತ್ತು. ಬಣ್ಣ ಬಿಟ್ಟಿರಲಿಲ್ಲ. ಅವನು ಗಾಡಿ ಹತ್ತಿದ.

ಮರುದಿನ ಸಂಘ ಸೇರಿ ತಪ್ಪು ಯಾರದೆಂದು ವಿಚಾರಿಸಿತು. ಕಾವಲುಗಾರ ಬಾವುಟ ಏರಿಸಿದ್ದ. ಯಜಮಾನ ಅದನ್ನು ಇಳಿಸಿರಲಿಲ್ಲ. ಮಾತುಗಾರ ಬನ್ನಿ ಎಂದಿದ್ದ, ಮುಳುಗಿ ಎಂದಿರಲಿಲ್ಲ. ಎಷ್ಟು ಹುಡುಕಿದರೂ ತಪ್ಪು ಸಿಗಲಿಲ್ಲ. ಎಲ್ಲರೂ ನಿಟ್ಟುಸಿರು ಬಿಟ್ಟು ಮನೆಗೆ ಹೋದರು. ಕಾವಲುಗಾರ ಇನ್ನೂ ಎತ್ತರದ ಒಂದು ಕಂಬ ಹೊತ್ತು ದಂಡೆಗೆ ಹೋದ. ಅದನ್ನು ನೆಡಲು ಎಲ್ಲೂ ಜಾಗವಿರಲಿಲ್ಲ.

ಗುರು ಕತೆ ನಿಲ್ಲಿಸಿದರು.

ಮಾಲಿನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಯಾರ ಮಾತಿಗೂ ಸೋಲುವ ಬಾಯಲ್ಲ ಅವಳದು.

“ಅದು ಆ ಊರಿನ ಕತೆ ಗುರುಗಳೇ. ನಮ್ಮಲ್ಲಿ ಅಂಥ ಕಣ್ಣುಕಟ್ಟು ಇಲ್ಲ. ನಮ್ಮ ದಂಡೆಯಲ್ಲಿ ಇರುವುದು ಒಂದೇ ಕಂಬ, ಒಂದೇ ಬಾವುಟ. ಬೇಕಾದರೆ ಇಲ್ಲಿಂದಲೇ ನೋಡಿ. ಇವತ್ತು ಹಳದಿ ಹಾರುತ್ತಿದೆ. ಹುಷಾರಾಗಿ ಇಳಿಯಬಹುದು ಅಂತ ಅದರ ಅರ್ಥ. ನನ್ನ ಕೋಣೆಯವರು ಬೆಳಿಗ್ಗೆ ಕೇಳಿದಾಗ ನಾನೂ ಅದನ್ನೇ ಹೇಳಿ, ಟವೆಲ್ ಕೊಟ್ಟು ಕಳಿಸಿದೆ. ನಾನೇನು ಸುಳ್ಳು ಹೇಳಿದೆನೇ? ಮಂಡಳಿಯೇ ಹಾಕಿಸಿದ ಬಾವುಟ ಅದು.”

ಕೆಳಗೆ ಜನ ನೀರಿನಲ್ಲಿದ್ದರು. ಅಷ್ಟು ದೂರದಿಂದ ಯಾವ ತಲೆ ಯಾರದೆಂದು ತಿಳಿಯುತ್ತಿರಲಿಲ್ಲ. ಗಾಳಿಮರದ ಕೆಳಗಿಂದ ಸಾನಿಕಾ ಎದ್ದು ದಂಡೆಗೆ ಇಳಿಯುವ ಮೆಟ್ಟಿಲ ಕಡೆಗೆ ಹೊರಟಳು. ಮಾತು ಅರ್ಧಕ್ಕೆ ಬಿಟ್ಟು ಮಾಲಿನಿ ಓಡಿದಳು. ಮಗಳ ರಟ್ಟೆ ಹಿಡಿದು ಎಳೆದುಕೊಂಡು ಬಂದು ಪಕ್ಕದಲ್ಲಿ ಕೂರಿಸಿಕೊಂಡಳು. ಹಿಡಿದ ಕೈಯನ್ನು ಬಿಡಲಿಲ್ಲ.

ಆಗ ಗುರು ಒಂದೇ ಒಂದು ಮಾತು ಕೇಳಿದರು.

“ಬೆಳಿಗ್ಗೆಯಿಂದ ಮಗಳನ್ನು ನೀರಿಗೆ ಬಿಡಲಿಲ್ಲವಲ್ಲ ತಂಗಿ, ನಿನಗೆ ಕಂಡ ಬಾವುಟ ಯಾವುದು?”