ಹಡಗು ಹತ್ತಿದ ಮಗನ ಸುದ್ದಿ

ಹುಲಿಗೆಮ್ಮ ಬಿ.ಎ. ಎರಡನೇ ವರ್ಷದಲ್ಲಿದ್ದಳು. ತುಂಗಭದ್ರೆಯ ದಂಡೆಯ ಮೇಲೆ, ಎಲ್ಲರೂ ಅಕ್ಕನವರು ಎಂದು ಕರೆಯುವ ಹಿರಿಯ ಸಂನ್ಯಾಸಿನಿಯ ಆಶ್ರಮದಲ್ಲಿ ಇದ್ದುಕೊಂಡು ಕಾಲೇಜಿಗೆ ನಡೆದು ಹೋಗಿ ಬರುತ್ತಿದ್ದಳು.

ಓದಿನ ಹುಚ್ಚು ಅವಳಿಗೆ. ಆದರೆ ಯಾವ ಪುಸ್ತಕವನ್ನೂ ಮುಗಿಸುತ್ತಿರಲಿಲ್ಲ. ನ್ಯಾಯಾಧೀಶೆಯೊಬ್ಬರ ಜೀವನಚರಿತ್ರೆ ಅರ್ಧ ಓದುವಷ್ಟರಲ್ಲಿ ತಾನೂ ನ್ಯಾಯಾಧೀಶೆ ಆಗಬೇಕು ಅನ್ನಿಸಿತು. ನಕ್ಷತ್ರಗಳ ಪುಸ್ತಕ ಕೈಗೆ ಬಂದಾಗ, ವಿಜ್ಞಾನ ಬಿಟ್ಟು ಬಿ.ಎ. ಸೇರಿದ್ದಕ್ಕೆ ಅತ್ತಳು. ಮರುವಾರ ಪತ್ರಕರ್ತೆಯಾಗುವ ಆಸೆ. ಊಟಕ್ಕೆ ಕೂತರೂ ಎದೆಯೊಳಗೆ ಯಾರೋ ಎದ್ದು ಹೊರಟಂತೆ ಇರುತ್ತಿತ್ತು.

ಒಂದು ದಿನ ಕೇಳಿದಳು. "ಅಕ್ಕಾ, ನಾನು ಏನಾಗಬೇಕು?"

ಅಕ್ಕನವರು ಬೇಳೆ ಆರಿಸುತ್ತಿದ್ದರು. "ಮೊದಲು ಕೂಡು," ಅಂದರು.

ಕೂತಳು. ಐದು ನಿಮಿಷಕ್ಕೆ ಎದ್ದಳು.

ಆ ತಿಂಗಳು ಕಾಲೇಜಿಗೆ ಮೈಸೂರಿನ ಒಂದು ಸಂಸ್ಥೆಯಿಂದ ಪತ್ರ ಬಂತು. ಓದಿನಲ್ಲಿ ಆಸಕ್ತಿ ಇರುವ ಕೆಲವು ಮಕ್ಕಳನ್ನು ಆರಿಸಿ, ಅಲ್ಲೇ ಇರಿಸಿಕೊಂಡು ಮುಂದಕ್ಕೆ ಓದಿಸುತ್ತಾರಂತೆ. ತಮ್ಮ ಹಿನ್ನೆಲೆ, ಗುರಿ, ಓದು ಎಲ್ಲ ಒಂದೇ ಪುಟದಲ್ಲಿ ಬರೆದು ಕೊಡಬೇಕಂತೆ.

ಹುಲಿಗೆಮ್ಮ ಅಂದೇ ಬರೆದು ತಂದು ಅಕ್ಕನವರ ಮುಂದೆ ಓದಿದಳು. ಅದರಲ್ಲಿ ಮೂವತ್ತೆರಡು ಪುಸ್ತಕಗಳ ಹೆಸರುಗಳಿದ್ದವು.

ಅಕ್ಕನವರು ಪೂರ್ತಿ ಕೇಳಿ ಹೇಳಿದರು. "ಎಲ್ಲಾರೂ ಬಂದ್ರು. ನೀ ಎಲ್ಲಿದ್ದೀ?"

ಹರಿದು ಮತ್ತೆ ಬರೆದಳು. ಈ ಸಲ ಪುಸ್ತಕಗಳು ಕಡಿಮೆಯಾಗಿ ಗುರಿಗಳು ಹೆಚ್ಚಾದವು. ಕೊನೆಗೆ ಒಂದು ಸಾಲು: ತಂದೆ ಸ್ವಉದ್ಯೋಗಿ.

"ಸ್ವಉದ್ಯೋಗಿ ಅಂದ್ರ ಏನು ಕೆಲಸ?"

ಹುಲಿಗೆಮ್ಮ ತಲೆ ತಗ್ಗಿಸಿದಳು.

ಅವಳ ಅಪ್ಪ ಯಮನಪ್ಪ ಸೈಕಲ್ಲಿಗೆ ಸಾಣೆಕಲ್ಲು ಕಟ್ಟಿಕೊಂಡು ಊರೂರು ತಿರುಗುವವನು. ಚಾಕು, ಕತ್ತರಿ, ಕುಡುಗೋಲು ಸಾಣೆ ಹಿಡಿದು ಕೊಡುವವನು. ಕಾಲೇಜಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಒಮ್ಮೆ ಅವನು ಕಾಲೇಜಿನ ಗೇಟಿನ ಮುಂದೆ ಹಾದು ಹೋಗುವಾಗ ಅವಳು ಗೆಳತಿಯರನ್ನು ಎಳೆದುಕೊಂಡು ಕ್ಯಾಂಟೀನಿನ ಕಡೆ ತಿರುಗಿದ್ದಳು. ಅಪ್ಪ ನೋಡಿದ್ದನೋ ಇಲ್ಲವೋ, ಇವತ್ತಿಗೂ ತಿಳಿಯದು. ಇದನ್ನೆಲ್ಲ ಅಕ್ಕನವರಿಗೆ ಹೇಳುವಾಗ ಅವಳ ದನಿ ಇಳಿದು ಹೋಗಿತ್ತು.

ಅಕ್ಕನವರು ಬೈಯಲಿಲ್ಲ. ಯಮನಪ್ಪ ಇವತ್ತು ಯಾವ ಊರಲ್ಲಿ ಇರುತ್ತಾನೆ ಎಂದು ಕೇಳಿದರು. ಪಕ್ಕದ ಊರಿನ ಹಿಟ್ಟಿನ ಗಿರಣಿಯ ಮುಂದೆ ಎಂದಳು.

"ಹೋಗು. ಈ ಪುಟ ಅವನ ಮುಂದ ಓದು. ಆಮ್ಯಾಲೆ ಕಾಲೇಜಿಗೆ ಕೊಡು."

ಗಿರಣಿಯ ಮುಂದೆ ಮೂರು ನಾಲ್ಕು ಹೆಂಗಸರು ಕುಡುಗೋಲು ಹಿಡಿದು ಕಾಯುತ್ತಿದ್ದರು. ಯಮನಪ್ಪ ಪೆಡಲು ತುಳಿಯುತ್ತಿದ್ದ. ಕಲ್ಲಿನಿಂದ ಕಿಡಿ ಹಾರುತ್ತಿತ್ತು. ಮಗಳನ್ನು ಕಂಡವನೇ ಗಾಬರಿಯಾಗಿ, ಯಾರಿಗೆ ಏನಾಯಿತೆಂದು ಕೇಳಿದ. ಏನೂ ಇಲ್ಲ, ಮೈಸೂರಿಗೆ ಓದಲು ಹೋಗುವುದಕ್ಕೆ ಬರೆದದ್ದನ್ನು ಓದಿ ತೋರಿಸಲು ಬಂದೆ ಎಂದು ಅವಳು ಕಟ್ಟೆಯ ಮೇಲೆ ಕೂತು ಪುಟ ಬಿಚ್ಚಿದಳು.

ಓದುತ್ತ ಹೋದಳು. ಕೊನೆಗೆ ಅಪ್ಪನ ಸಾಲು ಬಂತು. ಅದನ್ನು ಹಾರಿಸಿ ಹಾಳೆ ಮಡಚಿದಳು.

ಯಮನಪ್ಪನಿಗೆ ಅದು ಗೊತ್ತಾಗಲಿಲ್ಲ. ಪುಸ್ತಕಗಳ ಹೆಸರು ಕೇಳಿಯೇ ಅವನ ಮುಖ ಅರಳಿತ್ತು. ಕೈ ಒರೆಸಿಕೊಂಡು ಹೇಳಿದ. "ಇಷ್ಟೆಲ್ಲಾ ಓದೀಯಲ್ಲ ಯವ್ವಾ, ನನಗೊಂದು ಕಥಿ ಹೇಳು."

ಹುಲಿಗೆಮ್ಮನನ್ನು ಯಾರೂ ಹಾಗೆ ಕೇಳಿರಲಿಲ್ಲ.

ಚೀಲದಲ್ಲಿ ರಟ್ಟು ಕಿತ್ತುಹೋದ ಒಂದು ಹಳೆಯ ಕಾದಂಬರಿ ಇತ್ತು. ಅದರ ಕಥೆಯನ್ನೇ ಹೇಳತೊಡಗಿದಳು. ಕಡಲತೀರದ ಊರು. ಮೀನು ಮಾರುವ ತಾಯಿ. ದೂರದ ದೇಶ ನೋಡುತ್ತೇನೆಂದು ಹಡಗು ಹತ್ತಿದ ಒಬ್ಬನೇ ಮಗ. ತಾಯಿ ದಿನಾ ದಂಡೆಗೆ ಬಂದು ನಿಲ್ಲುತ್ತಾಳೆ.

ಪೆಡಲಿನ ಮೇಲೆ ಯಮನಪ್ಪನ ಕಾಲು ನಿಂತಿತು. ಕಲ್ಲು ನಿಧಾನವಾಗಿ ತಿರುಗಿ ನಿಂತಿತು. ಅವಸರದಲ್ಲಿದ್ದ ಹೆಂಗಸರು ಕುಡುಗೋಲು ಕೆಳಗಿಟ್ಟು ಕೂತರು.

ಹುಲಿಗೆಮ್ಮ ಒಂದು ಕಡೆ ನಿಲ್ಲಿಸಿದಳು.

"ಆಮ್ಯಾಲೆ?"

"ನಾ ಅಲ್ಲೀತನಕಾ ಓದೀನಿ ಅಪ್ಪಾ."

"ಹಡಗ ಹತ್ತಿದ ಮಗ ತಿರುಗಿ ಬಂದನೇನು?"

"ಗೊತ್ತಿಲ್ಲ."

ಯಮನಪ್ಪ ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿದ. ಮೂರು ವಾರಕ್ಕೆ ಮತ್ತೆ ಈ ಊರಿಗೆ ಬರುತ್ತೇನೆ, ಅಷ್ಟರಲ್ಲಿ ಓದಿ ಬಂದು ಹೇಳು ಎಂದು ಪೆಡಲಿನ ಮೇಲೆ ಕಾಲಿಟ್ಟ.

ಆಶ್ರಮಕ್ಕೆ ಬಂದು ಅವಳು ಪುಟವನ್ನು ಮತ್ತೆ ಬರೆದಳು. ನನ್ನ ತಂದೆ ಸಾಣೆ ಹಿಡಿಯುತ್ತಾರೆ, ಅವರಿಗೆ ಓದಲು ಬರುವುದಿಲ್ಲ ಎಂದು ಬರೆದಳು. ಗೇಟಿನ ಮುಂದೆ ಮುಖ ತಿರುಗಿಸಿದ್ದನ್ನೂ, ಪುಸ್ತಕಗಳನ್ನು ಅರ್ಧಕ್ಕೆ ಬಿಡುವುದನ್ನೂ ಬರೆದಳು. ಗುರಿ ಎಂಬಲ್ಲಿ, ಇನ್ನೂ ತಿಳಿದಿಲ್ಲ ಎಂದು ಬರೆದಳು. ಮರುದಿನ ಕಾಲೇಜಿಗೆ ಕೊಟ್ಟಳು. ಅಕ್ಕನವರು ಅದನ್ನು ಓದಿಸಿ ಕೇಳಲಿಲ್ಲ.

ಆಮೇಲೆ ಕಾದಂಬರಿ ಹಿಡಿದಳು. ಹತ್ತು ಪುಟಕ್ಕೊಮ್ಮೆ ಎದ್ದು ಹೋಗಬೇಕೆನ್ನಿಸುತ್ತಿತ್ತು. ಅಪ್ಪ ಕೇಳಿದ್ದು ನೆನಪಾಗಿ ಮತ್ತೆ ಕೂರುತ್ತಿದ್ದಳು. ಎಂಟನೆಯ ದಿನ ಮುಗಿಯಿತು. ಅವಳು ಕೊನೆಯ ಪುಟದವರೆಗೆ ಓದಿದ ಮೊದಲ ಪುಸ್ತಕ ಅದು. ಆದರೆ ಮುಗಿಸಿದ ಮೇಲೆ ತಳಮಳ ಹೆಚ್ಚೇ ಆಯಿತು. ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಮೂರು ವಾರದ ಮೇಲೆ, ಅಪ್ಪ ಬರುವ ದಿನವೇ, ಪ್ರಿನ್ಸಿಪಾಲರು ಅವಳನ್ನು ಕರೆಸಿದರು. ಮೈಸೂರಿಗೆ ಆಯ್ಕೆಯಾಗಿದ್ದಳು. ಹತ್ತು ದಿನದೊಳಗೆ ಹೊರಡಬೇಕಿತ್ತು.

ಹುಲಿಗೆಮ್ಮ ನೇರ ಅಕ್ಕನವರ ಬಳಿ ಬಂದು ಸುದ್ದಿ ಹೇಳಿದಳು. ಅಕ್ಕನವರು ಅವಳ ತಲೆಯ ಮೇಲೆ ಕೈಯಿಟ್ಟರು. ಅವಳು ಹಾಗೇ ನಿಂತಿದ್ದಳು.

"ಇನ್ನೇನು?"

"ಆ ಕಥಿ ಓದಿ ಮುಗಿಸೀನಿ ಅಕ್ಕಾ."

"ಬಂದನೇನು ಮಗ?"

"ಇಲ್ಲ. ತಾಯಿ ಕಾದು ಕಾದು ಮುದುಕಿ ಆದ್ಲು. ಅವ ಬರಲೇ ಇಲ್ಲ."

"ಅಪ್ಪ ಗಿರಣಿ ಮುಂದ ಕಾಯ್ತಿರ್ತಾನ. ಮಗ ಬಂದ ಅಂತ ಹೇಳಲೇನು ಅಕ್ಕಾ?"

ಅಕ್ಕನವರು ಎದ್ದು ಅವಳ ಜೊತೆ ಬಾಗಿಲತನಕ ಬಂದರು.

"ಪುಸ್ತಕದಾಗ ಇದ್ದಂಗ ಹೇಳು," ಅಂದರು. "ಆಮ್ಯಾಲೆ ಕೇಳು, ಅವತ್ತು ನಿಮ್ಮಪ್ಪ ಕೇಳಿದ್ದು ಯಾರ ಸುದ್ದಿ ಅಂತ."